ಅತ್ತೆ ಸಹಿ ಮಾಡಿದ ವಾಕ್ಯ

ನಿನ್ನೆ ಉಪ್ಪಿನಕಾಯಿ ಭರಣಿಗೆ ಕಟ್ಟಿದ ಬಟ್ಟೆ ಬಿಚ್ಚಿದೆ. ಮೇಲೆ ಬೆಳ್ಳಗೆ ಬೂಷ್ಟು, ಮೂಗಿಗೆ ಅಡರುವ ಮುಗ್ಗಲು ವಾಸನೆ. ಇಂಥ ಹೊತ್ತಿನಲ್ಲಿ ನಿಮ್ಮಂಥವರು ಉಪ್ಪು ಕಡಿಮೆಯಾಯಿತೇನೋ ಎಂದುಕೊಂಡು ಸುಮ್ಮನಾಗುತ್ತೀರಿ. ನನಗೆ ಮೊದಲು ಹೊಳೆದದ್ದು ಉಪ್ಪಿನ ರುಚಿಯೇ ತಿಳಿಯದಂತೆ ನಾಲಿಗೆ ಕೆಡಿಸಿದ ಸಕ್ಕರೆ ಕಾಯಿಲೆ, ಆಮೇಲೆ ಮರೆವಿನ ರೋಗ, ಆಮೇಲೆ ಅಡುಗೆಮನೆ ಗೋಡೆಯ ತೇವ, ಅದರಿಂದ ಇಡೀ ಮನೆ ಕುಸಿಯುವುದು. ಮನೆ ಕುಸಿದು ಮುಗಿದ ಮೇಲೆ ನಗು ಬಂತು. ಬಾಯಿಗೆ ತಾನಾಗಿ ಒಂದು ಇಂಗ್ಲಿಷ್ ಶಬ್ದ ಬಂದಿತ್ತು: ಹಾರ್ಮ್.

ಆ ಶಬ್ದ ಕಲಿತದ್ದು ಲಕ್ಷ್ಮೇಶ್ವರದಲ್ಲಿ, ಎಂಬತ್ತರ ದಶಕದ ಕೊನೆಗೆ, ಮದುವೆಯಾಗಿ ಎರಡು ವರ್ಷದ ಮೇಲೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದಕ್ಕೆ ಢುಮ್ಕಿ ಹೊಡೆದು ಮಲ್ಲಸಮುದ್ರದಿಂದ ಸೊಸೆಯಾಗಿ ಬಂದವಳು ನಾನು. "ಅರ್ಧಾ ಬಿಟ್ಟ ಕೆಲಸ ನನಗ ಸೇರಂಗಿಲ್ಲ" ಎಂದು ನಮ್ಮತ್ತೆ ಗೌರವ್ವನವರೇ ಮತ್ತೆ ಪರೀಕ್ಷೆಗೆ ಕೂರಿಸಿದರು. ಬಳೆ ಅಂಗಡಿಯವರ ಹೆಂಡತಿ ಖೈರುನ್ನಿಸಾಳ ಪಡಸಾಲೆಯೇ ನಮ್ಮ ಶಾಲೆ. ವಿದ್ಯಾರ್ಥಿಗಳು ಅವಳು ಮತ್ತು ನಾನು, ಇಬ್ಬರೇ.

ಶಿರಹಟ್ಟಿಯಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ನಿವೃತ್ತ ಮಾಸ್ತರರದು ಒಂದು ಹುಚ್ಚು ನಿಯಮ. ಕ್ರಿಯಾಪದ ಕಲಿತರೆ ಸಾಲದು. ಅದನ್ನಿಟ್ಟು ನಮ್ಮ ಬಾಳಿನದೇ ಒಂದು ಖರೆ ವಾಕ್ಯ ಬರೆದು, ಅದರಲ್ಲಿ ಬಂದ ಮನುಷ್ಯರಿಂದ ಕೆಳಗೆ ಸಹಿ ಮಾಡಿಸಿಕೊಂಡು ಬರಬೇಕು. "ಸುಳ್ಳು ವಾಕ್ಯ ನೆನಪಿನ್ಯಾಗ ಉಳಿಯಂಗಿಲ್ರಿವಾ" ಎನ್ನುತ್ತಿದ್ದರು. 'ಹೆಲ್ಪ್' ಬಂದಾಗ, 'ಫೀಡ್' ಬಂದಾಗ ಓಣಿಯವರೆಲ್ಲ ಖುಷಿಯಿಂದ ಸಹಿ ಹಾಕಿದ್ದರು. ಆಮೇಲೆ 'ಹಾರ್ಮ್' ಬಂತು.

"ಬಸ್ಸಿನ ಗಾಜು ಒಡದ್ರ ಡ್ಯಾಮೇಜ್, ಕಾಲು ಮುರದ್ರ ಇಂಜರ್. ಹಾರ್ಮ್ ಅಂದ್ರ ಕೇಡು ಮಾಡೂದು. ಮೈಗೂ ಮಾಡಬಹುದು, ಹೆಸರಿಗೂ ಮಾಡಬಹುದು. ಹೊರಗ ಗಾಯ ಕಾಣಬೇಕಂತೇನಿಲ್ಲ" ಎಂದರು ಮಾಸ್ತರರು.

"ನಾವು ಯಾರಿಗೂ ಕೇಡು ಮಾಡಿಲ್ರಿ ಮಾಸ್ತರ್ರ" ಎಂದಳು ಖೈರುನ್ನಿಸಾ.

"ಹೌದೇನವಾ? ನಿನ್ನ ಗಂಡನ್ನ ಒಂದ್ಸಲ ಕೇಳಿಕೊಂಡು ಬಾ."

ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗಲು ಧೈರ್ಯ ಬರಲಿಲ್ಲ.

ಯಾಕೆಂದು ಹೇಳುತ್ತೇನೆ. ನಮ್ಮತ್ತೆ ಅಂದರೆ ಉಪ್ಪಿನಕಾಯಿ. ಮುಂಡರಗಿಯ ಬೀಗರು ಕೂಡ ಮಾವಿನಕಾಯಿ ಕಳಿಸಿ "ಗೌರಕ್ಕನ ಕೈಲೇ ಹಾಕಸ್ರಿ" ಎನ್ನುವಂಥ ಕೈಗುಣ. ಹಿಂದಿನ ವರ್ಷ ಅವರು ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ನಾನು ಕದ್ದು ತಿನ್ನಲು ತೊಳೆದ ಚಮಚವನ್ನು ಒರೆಸದೆ ದೊಡ್ಡ ಭರಣಿಗೆ ಇಳಿಸುತ್ತಿದ್ದೆ. ಹದಿನೈದು ದಿನಕ್ಕೆ ಭರಣಿಯೆಲ್ಲ ಬೆಳ್ಳಗಾಯಿತು. ಅತ್ತೆ ಯಾರನ್ನೂ ಬೈಯಲಿಲ್ಲ. ತಮ್ಮ ಅಂಗೈ ತಿರುವಿ ನೋಡಿಕೊಂಡು, "ಆತು, ನನ್ನ ಕೈ ಕೆಟ್ಟಿತು" ಎಂದು ಭರಣಿ ತೊಳೆದು ಅಟ್ಟಕ್ಕೇರಿಸಿದರು. ಹಾಲಿಗೆ ಹೆಪ್ಪು ಹಾಕುವುದನ್ನೂ ನನಗೇ ಬಿಟ್ಟರು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಾನು ಒಂದು ವರ್ಷ ನುಂಗಿಕೊಂಡು ಕೂತಿದ್ದೆ.

ಮರುದಿನ ಜಾಣತನ ಮಾಡಿ 'ಐ ಹಾರ್ಮ್ಡ್ ದ ಪಿಕಲ್' ಎಂದು ಬರೆದುಕೊಂಡು ಹೋದೆ. ಮಾಸ್ತರರು ಕನ್ನಡಕ ಏರಿಸಿದರು. "ಉಪ್ಪಿನಕಾಯಿ ಸಹಿ ಮಾಡತೈತೇನವಾ? ಅದನ್ನ ಹಾಕಿದಾಕಿ ಯಾರು? ಆಕಿ ಹೆಸರು ಬರಿ." ನಾನು 'ಪಿಕಲ್' ಹೊಡೆದುಹಾಕಿ ಅಲ್ಲಿ ಅತ್ತೆಯನ್ನು ಬರೆದೆ.

ಖೈರುನ್ನಿಸಾ ಗಂಡನ ಸಹಿ ತಂದಾಗಿತ್ತು. "ರೇಶನ್ ಕಾರ್ಡಿನ ಅರ್ಜಿ ಅಂತ ಹೇಳಿ ಹಾಕಿಸೀನಿ" ಎಂದು ಕಿವಿಯಲ್ಲಿ ಉಸುರಿದಳು. "ನಿಮ್ಮತ್ತಿಗೆ ಇಂಗ್ಲಿಷ್ ಬರ್ತೈತೇನು? ಜಲ್ದಿ ಹಾಕಿಸ್ಕೊ ಹೋಗ!"

ಆಹಾ, ಎಂಥ ಉಪಾಯ! ಅರ್ಥ ಕೇಳಿದರೆ 'ನಮ್ಮತ್ತೆ ಬಲು ಒಳ್ಳೆಯವರು' ಎನ್ನುವುದೆಂದು ಬಾಯಿಪಾಠ ಮಾಡುತ್ತ ಮನೆಗೆ ಬಂದೆ. ಪಡಸಾಲೆಯಲ್ಲಿ ಒಂದು ಬುಟ್ಟಿ ಮಾವಿನಕಾಯಿ. ಡಂಬಳದಿಂದ ಅತ್ತೆಯ ಅಣ್ಣ ಕಳಿಸಿದ್ದು. ಅತ್ತೆ ಅದರ ಬಾಯಿಗೆ ಮತ್ತೆ ಹಗ್ಗ ಬಿಗಿಯುತ್ತಿದ್ದರು. "ಸಂಜಿ ಬಸ್ಸಿಗೆ ತಿರುಗಿ ಕಳಸ್ತೀನಿ. ನಾ ಮುಟ್ಟಿದ್ರ ಇವೂ ಹಾಳಾಗ್ತಾವು."

"ಅತ್ತೀರಿ, ಇಲ್ಲೊಂದು ಸಹಿ..."

"ಏನಂತ ಬರದಿ?"

"ಇಂಗ್ಲಿಷ್ ಐತ್ರಿ."

"ಅದು ಕಾಣತೈತಿ. ಅಂದ್ರ ಏನು?"

ಬಾಯಿ ತೆರೆದೆ. ಮಾವಿನ ಸೊನೆಯ ವಾಸನೆ ಮೂಗಿಗೆ ಬಡಿಯಿತು. ಬಾಯಿಪಾಠ ಎಲ್ಲಿ ಹೋಯಿತೋ! "ನಾ ನಮ್ಮತ್ತಿಗೆ ಕೇಡು ಮಾಡೀನಿ ಅಂತ ಬರದೀನ್ರಿ" ಎಂದುಬಿಟ್ಟೆ. ಚಮಚ, ನೀರು, ಕದ್ದು ತಿಂದದ್ದು, ಎಲ್ಲ ಒಂದೇ ಉಸಿರಿಗೆ ಹೊರಬಿತ್ತು. ಆ ಉಸಿರಿನ ಜತೆಗೇ ನಾನು ಮನಸ್ಸಿನಲ್ಲಿ ಟ್ರಂಕು ಹೊತ್ತು ಮಲ್ಲಸಮುದ್ರ ಮುಟ್ಟಿದ್ದೆ.

ಅತ್ತೆ ಅಂಗೈ ತಿರುವಿ ನೋಡಿಕೊಂಡರು. "ಅಂದ್ರ... ನನ್ನ ಕೈ ನೆಟ್ಟಗ ಐತಿ?"

"ಐತ್ರಿ."

"ಖರೇನ?"

"ಖರೇನ ರೀ."

"ಅಯ್ಯ ನಿನ್ನ! ಒಂದು ವರ್ಸದಿಂದ ನಾ ದೇವರಿಗೆ ಬೈಯಾಕತ್ತೀನಲ್ಲೇ! ಕೊಡಿಲ್ಲೆ ಪೆನ್ನು." ನಿಬ್ಬು ಸೊಟ್ಟಗಾಗುವಂತೆ ಒತ್ತಿ 'ಗೌರವ್ವ' ಎಂದು ಬರೆದರು. ನೋಟುಪುಸ್ತಕ ತಿರುಗಿ ಕೊಡುತ್ತಾರೆಂದು ಕೈಚಾಚಿದೆ. ಅದನ್ನು ಸೆರಗಿನಡಿ ಸಿಕ್ಕಿಸಿಕೊಂಡು ಅವರು ಬೀದಿಗೇ ಇಳಿದರು!

"ನೋಡ್ರಿಲ್ಲೆ! ನನ್ನ ಕೈ ಕೆಟ್ಟಿಲ್ಲಂತ. ಇಕಿನ ಹಾಳು ಮಾಡ್ಯಾಳ. ಇಂಗ್ಲಿಷಿನ್ಯಾಗ ಬರಕೊಟ್ಟಾಳ!" ಮನೆಮನೆಗೂ ಅದೇ ಡಂಗುರ. ನಾನು ಬಾಗಿಲ ಹಿಂದೆ ಅಡಗಿ, ನಾಚಿಕೆಗೆ ಸಾಯಬೇಕೋ ನಗಬೇಕೋ ತಿಳಿಯದೆ, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ. ಪುಸ್ತಕ ನನ್ನ ಕೈಗೆ ಬಂದಾಗ ಅತ್ತೆಯ ಸಹಿಯ ಕೆಳಗೆ ಸಾಕ್ಷಿಯಾಗಿ ಓಣಿಯ ಹನ್ನೊಂದು ಹೆಂಗಸರ ಸಹಿ, ಅಂಚಿಗೆ ಅರಿಷಿಣದ ಬೆರಳಿನ ಗುರುತು. ಮಾಸ್ತರರು ಬಹಳ ಹೊತ್ತು ನೋಡಿ, "ಇದನ್ನ ನೀ ಸಾಯೂ ತನಕ ಮರಿಯಂಗಿಲ್ಲ ಬಿಡವಾ" ಎಂದರು. ಡಂಬಳದ ಬುಟ್ಟಿ ಅಷ್ಟರಲ್ಲಿ ಅಟ್ಟದಿಂದಿಳಿದ ಭರಣಿಯೊಳಗೆ ಉಪ್ಪು ಖಾರ ಹಚ್ಚಿಕೊಂಡು ಕೂತಿತ್ತು.

ನಿನ್ನೆ ಇದೆಲ್ಲ ನೆನೆದು ತಲೆಯೆತ್ತಿದರೆ, ಕಾಲೇಜಿಗೆ ಹೋಗುವ ನನ್ನ ಮಗಳು ಅಡುಗೆಮನೆಯಲ್ಲಿ ಚಮಚ ಒರೆಸುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಚಮಚ ಒರೆಸಿದವಳಲ್ಲ. ಒರೆಸಿದ್ದನ್ನೇ ಮತ್ತೆ ಒರೆಸುತ್ತ, ಭರಣಿಯ ಕಡೆ ಕಣ್ಣು ಹಾಯಿಸದೆ ನಿಂತಿದ್ದಳು.

ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹೋಗುವ ವಿಚಾರ ಅಲ್ಲೇ ಬಿಟ್ಟೆ. ಅಂಗೈಯನ್ನೊಮ್ಮೆ ತಿರುವಿ ನೋಡಿಕೊಂಡು, ಭರಣಿಯ ಪಕ್ಕಕ್ಕೆ ಒಂದು ಪೆನ್ನು, ಒಂದು ಹಾಳೆ ಇಟ್ಟೆ. "ಬರಿಯೂದಿದ್ರ ಬರಿ. ಸಹಿ ಮಾಡಾಕ ನಾ ತಯಾರದೀನಿ."

ಓಣಿಗೆಲ್ಲ ಗೊತ್ತಿರುವ ಅಜ್ಜಿಯ ಕತೆ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಬೆನ್ನು ತಿರುಗಿಸಿ ನಿಂತೆ; ಚಮಚ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಬೆನ್ನ ಹಿಂದಿನಿಂದ ಸಣ್ಣ ದನಿ:

"ಅವ್ವಾ, ಕನ್ನಡದಾಗ ಬರದ್ರ ನಡೀತೈತೇನ?"