ನೀರಿನ ಟ್ಯಾಂಕಿನ ಎತ್ತರ

ನಾನು ಗಣಿತದ ಟೀಚರು. ಮಸ್ಕಿಗೆ ವರ್ಗವಾಗಿ ಬಂದ ವರ್ಷ, ಮಾತಾಡಲು ಯಾರೂ ಇಲ್ಲದ ಒಂದು ಭಾನುವಾರ, ಓಣಿಯ ನೀರಿನ ಟ್ಯಾಂಕಿನ ಎತ್ತರ ಅಳೆಯಲು ಹೋದೆ. ಕೋನಮಾಪಕದಲ್ಲಿ ಅದರ ತುದಿ ನಲವತ್ತೈದು ಡಿಗ್ರಿಗೆ ಕಾಣುವವರೆಗೆ ಹಿಂದೆ ಸರಿದೆ. ಆ ಕೋನಕ್ಕೆ ಟ್ಯಾನ್ ಬೆಲೆ ಒಂದು, ಹಾಗಾಗಿ ದೂರ ಎಷ್ಟೋ ಎತ್ತರವೂ ಅಷ್ಟೇ. ಟೇಪಿನ ಇನ್ನೊಂದು ತುದಿ ಹಿಡಿಯುವವರಿರಲಿಲ್ಲ, ಅದರ ಮೇಲೆ ಕಲ್ಲಿಟ್ಟೆ. ಹದಿನಾರೂವರೆ ಮೀಟರ್ ಬಂತು. ಟ್ಯಾಂಕಿನ ಮೇಲೆ ಹದಿನೆಂಟು ಎಂದು ಬರೆದಿತ್ತು.

"ಕಾಂಟ್ರಾಕ್ಟರ್ ಒಂದೂವರೆ ಮೀಟರ್ ನುಂಗಿ ನೀರ ಕುಡದಾನ!" ಎಂದು ಬೈಯುತ್ತಾ ಮನೆಗೆ ಬಂದೆ.

ಅನ್ನಕ್ಕಿಡುವಾಗ ಹೊಳೆಯಿತು. ನೆಲದಿಂದ ನನ್ನ ಕಣ್ಣಿನವರೆಗಿನ ಎತ್ತರ ಕೂಡಿಸಬೇಕಿತ್ತು. ಇದೇ ತಪ್ಪಿಗೆ ಮಕ್ಕಳನ್ನು ದಿನಾ ಬೈಯುತ್ತೇನೆ. ಆ ಟ್ಯಾಂಕಿನ ಮುಂದೆ ನಾನೊಬ್ಬಳು ನಿಂತಿದ್ದೆ ಅನ್ನೋದನ್ನ ನಾನೇ ಮರೆತಿದ್ದೆ.