ಗುಳಿಗೆ ಉರುಳಿಸಿದ ಕೈ

"ನಿಮ್ಮ ಮಷಿನ್ ಸುಳ್ಳು ಹೇಳ್ತೈತ್ರಿ!" ಎನ್ನುತ್ತ ಎಮ್ಮಿಗನೂರು ಕಡೆಯ ನಾಟಿವೈದ್ಯರೊಬ್ಬರು ವರದಿಯನ್ನು ನನ್ನ ಮೇಜಿನ ಮೇಲೆ ಎಸೆದರು. ತಾವು ಕೊಡುವ ಮಂಡಿನೋವಿನ ಗುಳಿಗೆ ಶುದ್ಧವೆಂದು ತೋರಿಸಲು ಅವರೇ ಅದನ್ನು ಹೊಸಪೇಟೆಯ ನಮ್ಮ ಪ್ರಯೋಗಾಲಯಕ್ಕೆ ತಂದುಕೊಟ್ಟಿದ್ದರು. ಗುಳಿಗೆಯನ್ನು ಕರಗಿಸಿ ಹಾಕಿದರೆ, ಅದರಲ್ಲಿರುವ ಒಂದೊಂದನ್ನೂ ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ ಯಂತ್ರ ನಮ್ಮದು. ಅದಕ್ಕೆ ಸ್ಟಿರಾಯ್ಡ್ ಸಿಕ್ಕಿತ್ತು. ನೋವು ಬೇಗ ಇಳಿಯಲೆಂದು ಬೇಕೆಂದೇ ಬೆರೆಸಿದಷ್ಟಲ್ಲ, ಎಲ್ಲಿಂದಲೋ ಸೋಂಕಿದಷ್ಟು ಮಾತ್ರ.

"ಇದು ಚರ್ಮದ ಮುಲಾಮಿನ್ಯಾಗ ಇರೋದ್ರಿ. ಮನ್ಯಾಗ ಯಾರರ ಹಚ್ಕೊಂತಾರೇನು?" ಎಂದು ಕೇಳಿದೆ.

ಯಾರೂ ಇಲ್ಲವೆಂದರು ವೈದ್ಯರು. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಸೆರಗಿನಿಂದ ಕೈ ಹೊರತೆಗೆದು ಮೇಜಿನ ಮೇಲಿಟ್ಟರು.

"ನಾನ ಹಚ್ಕೊಂತೀನ್ರಿ, ತುರಿಕಿಗೆ. ಭಾಳ ದಿನ ಆತು. ಅದೇ ಕೈಲೇ ಗುಳಿಗಿ ಉರುಳಸ್ತೀನಿ."

ಮುಲಾಮು ಹಚ್ಚಿ ಹಚ್ಚಿ ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಒಳಗಿನ ನರ ಕಾಣುತ್ತಿತ್ತು. ವೈದ್ಯರು ವರದಿ ಬಿಟ್ಟು ಆ ಕೈಯನ್ನೇ ನೋಡುತ್ತ ಕುಳಿತರು. ಒಮ್ಮೆಲೇ ಬಿಟ್ಟರೆ ತುರಿಕೆ ಕೆರಳುತ್ತದೆ, ಮುಲಾಮು ನಿಲ್ಲಿಸುವ ಮುನ್ನ ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದೆ.

ಕಣ್ಣಿಗೆ ಕಾಣದ್ದನ್ನು ಹುಡುಕುವುದು ನನ್ನ ಕೆಲಸ. ಆ ಕೈಗಳಾದರೋ ದಿನಾ ವೈದ್ಯರ ತಟ್ಟೆಗೆ ಊಟ ಬಡಿಸುತ್ತಿದ್ದವು.