ಅಜ್ಜಿಯನ್ನು ಇಬ್ಬರಾಗಿಸಿದ ತಜ್ಞ

ಹುಟ್ಟುಕಿವುಡು ಯಾವ ಮನೆತನಗಳಲ್ಲಿ ಇಳಿದು ಬರುತ್ತದೆ, ರಕ್ತಸಂಬಂಧದ ಮದುವೆಗೂ ಅದಕ್ಕೂ ನಂಟಿದೆಯೇ ಎಂದು ತಿಳಿಯಲು ನಮ್ಮ ಹುಣಸೂರಿನ ಕಚೇರಿ ಸುತ್ತಲ ಹಳ್ಳಿಗಳ ವಂಶಾವಳಿ ಸಂಗ್ರಹಿಸುತ್ತಿತ್ತು. ಅದನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ನನ್ನ ತಮ್ಮನೂ ಹುಟ್ಟುಕಿವುಡ. ಹನಗೋಡಿನ ನಮ್ಮ ಮನೆಯವರೂ ಅದರಲ್ಲಿದ್ದರು.

ಸೆಮ್ಯಾಂಟಿಕ್ ವೆಬ್ ತಜ್ಞನೆಂದು ಒಬ್ಬನನ್ನು ಕರೆಸಿದರು. ಅವನ ವಿದ್ಯೆ ಇಷ್ಟು: ಮಾಹಿತಿಯ ಜೊತೆಗೇ ನಿಯಮಗಳನ್ನೂ ಯಂತ್ರ ಓದುವಂತೆ ಬರೆದಿಟ್ಟರೆ, ನಾವು ಹೇಳದ ಸಂಬಂಧಗಳನ್ನೂ ಅದೇ ತರ್ಕಿಸಿ ಹೇಳುತ್ತದೆ. ತಾಯಿಯ ತಾಯಿ ಅಜ್ಜಿ, ತಂದೆಯ ಅಕ್ಕ ಅತ್ತೆ, ಹೀಗೆ. ವಿದ್ಯೆ ಒಳ್ಳೆಯದೇ. ಸಿಕ್ಕಿದ್ದು ಎಂಥವನ ಕೈಗೆ! ಈ ಮಹಾನುಭಾವ ಕೂತಲ್ಲೇ ಇನ್ನೊಂದು ನಿಯಮ ಹೊಸೆದ: ಅಜ್ಜಿಯಾದವಳು ಅದೇ ಮಗುವಿಗೆ ಅತ್ತೆಯಾಗಲಾರಳು.

ಯಂತ್ರ ನಮ್ಮ ಮನೆಯ ವಂಶಾವಳಿಗೆ ಬಂದು ಮುಗ್ಗರಿಸಿತು.

"ನಿಮ್ಮ ಡೇಟಾನೇ ತಪ್ಪು ಕಣ್ರೀ" ಎಂದ.

"ನಮ್ಮಮ್ಮ ಮದುವೆ ಆಗಿರೋದು ಸ್ವಂತ ಸೋದರಮಾವನ್ನ, ಸಾರ್."

ಅವನು ಹುಳಿ ತಿಂದವನಂತೆ ಮುಖ ಮಾಡಿದ. ತಾನೇ ವಿಚಾರಿಸುತ್ತೇನೆಂದು ಹನಗೋಡಿಗೆ ಬಂದು, ನಮ್ಮ ಜಗಲಿಯ ಮೇಲೆ ಕರವಸ್ತ್ರ ಹಾಸಿ ಕೂತ. ಅಜ್ಜಿ ಕೊಟ್ಟ ಕಾಫಿ ಮುಟ್ಟದೆ, ನನ್ನತ್ತ ಬೆರಳು ತೋರಿಸಿ ಅವಳನ್ನು ಕೇಳಿದ.

"ಈ ಹುಡುಗಿಗೆ ನೀವು ಅಜ್ಜಿಯೋ, ಅತ್ತೆಯೋ? ಒಂದು ಹೇಳಿ."

ಅಜ್ಜಿ ನಕ್ಕಳು. "ನನ್ನ ಮಗ್ಳನ್ನ ನನ್ನ ತಮ್ಮನ್ಗೇ ಕೊಟ್ಟಿದ್ದು ಕಣಪ್ಪ. ಎರಡೂ ನಾನೇಯ. ಒಂದೇ ಯೋಳು ಅಂದ್ರೆ ಇನ್ನೊಂದ್ನ ಎಲ್ಲಿ ಬಿಸಾಕ್ಲಿ?"

ಅವನು ತಲೆಯಾಡಿಸಿ ಎದ್ದ. ಕಚೇರಿಗೆ ಮರಳಿ ಮಾಡಿದ್ದೇನು? ನಿಯಮ ಅಳಿಸಲಿಲ್ಲ, ಅಜ್ಜಿಯನ್ನೇ ಇಬ್ಬರು ಹೆಂಗಸರನ್ನಾಗಿ ಸೀಳಿದ. ಯಂತ್ರ ತೆಪ್ಪಗಾಯಿತು. ಆದರೆ ಅಮ್ಮನ ತಾಯಿಯೇ ಬೇರೆ, ಅಪ್ಪನ ಅಕ್ಕನೇ ಬೇರೆ ಆದ ಮೇಲೆ ಅದು ಇನ್ನೇನು ಹೇಳೀತು? ನನ್ನ ತಮ್ಮನ ಹೆಸರಿನ ಎದುರು 'ತಂದೆತಾಯಿಗೆ ರಕ್ತಸಂಬಂಧವಿಲ್ಲ' ಎಂದು ತೀರ್ಮಾನಿಸಿತು. ಯಾವುದನ್ನು ಹುಡುಕಲು ಸಂಬಳ ಎಣಿಸುತ್ತಿದ್ದನೋ ಅದನ್ನೇ ಹೂತುಹಾಕಿ, "ಈಗ ಕ್ಲೀನ್ ಆಯ್ತು" ಎಂದು ಹಲ್ಲು ಕಿರಿದ.

ಅವನು ಊಟಕ್ಕೆ ಹೋದಾಗ ನಾನು ಆ ನಿಯಮ ಕಿತ್ತೆಸೆದು ಇಬ್ಬರು ಅಜ್ಜಿಯರನ್ನು ಮತ್ತೆ ಒಬ್ಬಳನ್ನಾಗಿ ಮಾಡಿದೆ. ಯಂತ್ರ ಕ್ಷಣದಲ್ಲಿ ಸರಿಯಾದದ್ದನ್ನೇ ಹೇಳಿತು. ಪಿರಿಯಾಪಟ್ಟಣದ, ಎಚ್.ಡಿ. ಕೋಟೆಯ ಕಡೆಯ ಎಷ್ಟೋ ಮನೆಗಳಲ್ಲಿ ಅವನು ಹೀಗೇ ಸೀಳಿದ್ದವರನ್ನೂ ಕೂಡಿಸಿದೆ. ಮೇಲಿನವರಿಗೆ ತಿಳಿಸಿದೆ, ಅವರು ಅವನಿಗೇ ಶಹಭಾಸ್ ಅಂದರು.

ಕೆ.ಆರ್. ನಗರದ ಸಭೆಯಲ್ಲಿ ಅವನು ಕೋಟು ತೊಟ್ಟು ನಿಂತು, "ಇಲ್ಲಿನ ಸಂಬಂಧಗಳನ್ನು ಆಳವಾಗಿ ಅಧ್ಯಯನ ಮಾಡಿ ನಿಯಮ ಪರಿಷ್ಕರಿಸಿದೆ" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ತಮ್ಮ ಎಲ್ಲರ ಕೈ ನೋಡಿ ತಾನೂ ತಟ್ಟಲು ಹೋದ. ನಾನು ಅವನ ಕೈ ಹಿಡಿದು ತೊಡೆಯ ಮೇಲೆ ಇಳಿಸಿದೆ.